ಪ್ರೌಢದೇವರಾಯನ ತುರುಷ್ಕ ಬಿಲ್ಗಾರರ ಪಡೆ

ಪ್ರೌಢದೇವರಾಯನೆಂದು ಖ್ಯಾತನಾದ ಇಮ್ಮಡಿ ದೇವರಾಯನ ಹೆಸರು ಕನ್ನಡ ಸಾಹಿತ್ಯಚರಿತ್ರೆಯನ್ನು ಓದಿದವರಿಗೆ ಚಿರಪರಿಚಿತವಾದುದು. ಚಾಮರಸನೂ ಲಕ್ಕಣ್ಣದಂಡೇಶನೂ ಅವನ ಕಾಲದವರು. ಆದರೆ ಆ ಅರಸನ ಸೇನೆಯಲ್ಲಿದ್ದ ತುರುಷ್ಕ ಬಿಲ್ಗಾರರ ಪಡೆಯ ವಿಷಯವು ಪಾಠಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳಿಂದಲೇ ಮುಗಿದುಹೋಗುವುದುಂಟು. ಆ ಪಡೆಯು ಏತಕ್ಕಾಗಿ ಹುಟ್ಟಿತು, ಅದರ ಕಾರ್ಯವೇನು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸಬಹುದು.

ಉತ್ತರದ ಅಶ್ವಸೈನ್ಯದ ಬಲವನ್ನು ತುಂಗಭದ್ರಾತೀರವು ಮೊದಲೇ ಕಂಡಿದ್ದಿತು, ಕ್ರಿ. ಶ. 1327ರಲ್ಲಿ ಕಂಪಿಲಿಯ ರಾಜ್ಯವು ದೆಹಲಿಯ ದಂಡಿಗೆ ಸಿಕ್ಕಿ ಅಳಿಯಿತು. ಮರ, ಕೊಂಬು, ನರ ಇವುಗಳನ್ನು ಕೂಡಿಸಿ ಮಾಡಿದ ಗಿಡ್ಡ ಬಿಲ್ಲನ್ನು ಕುದುರೆಯ ಮೇಲಿನಿಂದಲೇ ಬಳಸಬಹುದು. ರಿಕಾಪಿನಲ್ಲಿ ಕಾಲೂರಿ, ಓಡುವ ಕುದುರೆಯಿಂದ ಬಾಣವನ್ನೆಸೆದು ಹಿಂದೆಗೆಯುವವನನ್ನು ಈಟಿಯ ಕಾಲಾಳು ಮುಟ್ಟಲಾರನು. ಬಹಮನಿ ಸುಲ್ತಾನರೊಡನೆ ನಡೆದ ಯುದ್ಧಗಳಲ್ಲಿ ವಿಜಯನಗರಕ್ಕೆ ಒದಗಿದ ತೊಡಕು ಇದೇ.

ಬಿಜಾಪುರದ ಆಸ್ಥಾನದಲ್ಲಿದ್ದು 17ನೆಯ ಶತಮಾನದ ಆದಿಯಲ್ಲಿ ಚರಿತ್ರೆಯನ್ನು ಬರೆದ ಫೆರಿಸ್ತನು ಹೇಳುವುದಿದು: ದೇವರಾಯನು ತನ್ನವರನ್ನು ಕರೆದು ಸೋಲಿನ ಕಾರಣವನ್ನು ಕೇಳಿದನು. ಕೆಲವರು ಅದನ್ನು ದೈವಕ್ಕೆ ಆರೋಪಿಸಿದರು. ಕೆಲವರು ಶತ್ರುವಿನ ಉತ್ತಮಾಶ್ವಗಳನ್ನೂ ಬಿಲ್ವಿದ್ಯೆಯನ್ನೂ ಎತ್ತಿ ಹೇಳಿದರು. ಅರಸನು ಎರಡನೆಯ ಮಾತನ್ನು ಹಿಡಿದನು. ಮುಸಲ್ಮಾನ ಯೋಧರನ್ನು ಸೇರಿಸಿಕೊಂಡು ಜಹಗೀರುಗಳನ್ನಿತ್ತನು. ಅವರಿಗಾಗಿ ಮಸೀದಿಯನ್ನು ಕಟ್ಟಿಸಿದನು. ಧರ್ಮಕ್ಕೆ ಲೋಪಬಾರದಂತೆ ಅವರು ನಮಸ್ಕರಿಸಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನು. ಹೀಗೆ 2,000 ಮುಸಲ್ಮಾನ ಬಿಲ್ಗಾರರೂ, ಆ ವಿದ್ಯೆಯಲ್ಲಿ ನುರಿತ 60,000 ಹಿಂದೂ ಯೋಧರೂ ಸಿದ್ಧರಾದರು.

ಈ ಕಥನವು ಸುಮಾರು ನೂರೈವತ್ತು ವರ್ಷಗಳ ಅನಂತರದ್ದು. ಅದರ ಸಂಖ್ಯೆಗಳು ದುಂಡಾದವು. ಆದುದರಿಂದ ಶಾಸನಗಳನ್ನು ಕೇಳಬೇಕು. ದೇವರಾಯನ ಸೇವೆಯಲ್ಲಿ 10,000 ತುರುಷ್ಕ ರಾವುತರಿದ್ದರೆಂದು 1430ರ ಶಾಸನವೊಂದು ಹೇಳುತ್ತದೆ. ಕಮಲಾಪುರದಿಂದ ತಳಾರಿಘಟ್ಟದ ಕಡೆಗೆ ಹೋಗುವ ದಾರಿಯ ಬಳಿ ಅಹಮದಖಾನನ ಮಸೀದಿಯಿದೆ. ಅರಸನ ಸೇವಕನಾದ ಈ ಖಾನನು ದೇವರಾಯನಿಗೆ ಪುಣ್ಯವಾಗಲೆಂದು ಇದನ್ನು ಕಟ್ಟಿಸಿದನೆಂದು 1439ರ ಕನ್ನಡ ಶಾಸನವು ಸಾರುತ್ತದೆ. ಅದರಲ್ಲಿ ಈ ಕಟ್ಟಡದ ಹೆಸರು ‘ಧರ್ಮಶಾಲೆ’. ಇದರ ಕಂಬಗಳೂ ಈ ಸೀಮೆಯ ಮಂಟಪಗಳ ಕಂಬಗಳಂತೆಯೇ ಇವೆ. ಹೊಸಪೇಟೆಯ ದಾರಿಯಲ್ಲಿರುವ ಕದಿರಾಂಪುರದ ಗುಮ್ಮಟದ ಗೋರಿಗಳನ್ನೂ ಇಲ್ಲಿ ನೆನೆಯಬೇಕು.

ಈ ಶಿಲೆಗಳು ಫೆರಿಸ್ತನ ಎಲ್ಲ ಮಾತುಗಳನ್ನೂ ಸಮರ್ಥಿಸುವುದಿಲ್ಲ. ಖಾನನು ಬಿಲ್ಗಾರನೆಂದು ಮಸೀದಿಯ ಶಾಸನವು ಹೇಳದು. ಅಲ್ಲಿ ಕಟ್ಟಿಸಿದವನು ಅರಸನಲ್ಲ, ಸೇವಕನು. 1430ರ ಶಾಸನವನ್ನು ನೋಡಿದರೆ ಈ ನೇಮಕವು ಒಂದೇ ಸಭೆಯ ನಿರ್ಣಯದಿಂದ ಹುಟ್ಟಿದುದೆಂದೂ ತೋರುವುದಿಲ್ಲ. ಆದರೆ ಮುಸಲ್ಮಾನ ಯೋಧರು ಅರಸನ ಸೇವೆಯಲ್ಲಿದ್ದರೆಂಬುದೂ, ರಾಜಧಾನಿಯಲ್ಲಿಯೇ ತಮ್ಮ ಧರ್ಮವನ್ನಾಚರಿಸುತ್ತಿದ್ದರೆಂಬುದೂ ನಿಸ್ಸಂದೇಹ.

1443ರಲ್ಲಿ ದೇವರಾಯನು ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಹಿಡಿದನು. ರಾಯಚೂರು, ಬಂಕಾಪುರಗಳಿಗೆ ಮುತ್ತಿಗೆ ಹಾಕಿಸಿದನು. ಕಾಳಗಗಳಲ್ಲಿ ಜಯಾಪಜಯಗಳೆರಡೂ ಒದಗಿ, ಕೊನೆಗೆ ಸಂಧಿಯಾಯಿತು. ಶಾಶ್ವತವಾದ ಗೆಲವು ಲಭಿಸಲಿಲ್ಲ.

ಆದುದರಿಂದ ಈ ಪಡೆಯ ಮಹತ್ತ್ವವನ್ನು ಗೆದ್ದ ಕೋಟೆಗಳಿಂದ ಅಳೆಯಲಾಗದು. ಫೆರಿಸ್ತನ ಲೆಕ್ಕವನ್ನೇ ನಂಬಿದರೂ, ಪ್ರತಿಯೊಬ್ಬ ತುರುಷ್ಕ ಬಿಲ್ಗಾರನಿಗೆ ಮೂವತ್ತು ಮಂದಿ ಹಿಂದೂ ಬಿಲ್ಗಾರರು. ಅವನು ಯೋಧನಷ್ಟೇ ಅಲ್ಲ, ಗುರುವೂ ಆಗಿದ್ದನೆಂದು ಊಹಿಸುವುದು ತಪ್ಪಾಗದು. ವಿಜಯನಗರದ ಚರಿತ್ರೆಯನ್ನು ಎರಡು ಧರ್ಮಗಳ ಹೋರಾಟವೆಂದಷ್ಟೇ ಬೋಧಿಸುವವರು ಒಮ್ಮೆ ತಳಾರಿಘಟ್ಟದ ದಾರಿಯ ಆ ಕನ್ನಡ ಶಾಸನದ ಮುಂದೆ ನಿಂತು ನೋಡುವುದು ಉಚಿತ.