ಆಗುಂಬೆಯ ಮಳೆ ಚಳ್ಳಕೆರೆಗೆ ಯಾಕೆ ಬರುವುದಿಲ್ಲ?



ಜೂನ್ ತಿಂಗಳಲ್ಲಿ "ರಾಜ್ಯಕ್ಕೆ ಮುಂಗಾರು ಬಂತು" ಎಂದು ಟಿ.ವಿ.ಯಲ್ಲಿ ಹೇಳುತ್ತಾರೆ. ಕರಾವಳಿಯಲ್ಲಿ ಹೊಳೆ ತುಂಬಿ ಹರಿಯುವುದನ್ನು ತೋರಿಸುತ್ತಾರೆ. ಅದನ್ನು ನೋಡಿ ಬಯಲುಸೀಮೆಯ ಎಷ್ಟೋ ಅಕ್ಕತಂಗಿಯರು ಸಂಘದಿಂದ ಸಾಲ ಎತ್ತಿ, ಬೀಜ ಗೊಬ್ಬರ ತಂದು, ಮೊದಲ ಮಳೆಗೇ ಬಿತ್ತಿಬಿಡುತ್ತಾರೆ. ಆಮೇಲೆ ವಾರಗಟ್ಟಲೆ ಬರೀ ಗಾಳಿ. ಮೊಳಕೆ ಒಣಗುತ್ತದೆ, ಸಾಲದ ಕಂತು ಮಾತ್ರ ಉಳಿಯುತ್ತದೆ. "ಮಳೆರಾಯ ಮುನಿಸಿಕೊಂಡ" ಅಂತೀವಿ. ಆದರೆ ಇದು ಮುನಿಸಲ್ಲ, ನಮ್ಮ ನೆಲ ಇರುವ ಜಾಗದ ಗುಣ.

ಘಟ್ಟ ಮಾಡುವ ಕೆಲಸ

ಗಂಜಿ ಕುದಿಯುವಾಗ ಆವಿ ಮೇಲೆದ್ದು, ತಣ್ಣಗಿನ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ ಅಲ್ಲವೇ? ಮಳೆಯೂ ಹೀಗೆಯೇ. ಅರಬ್ಬಿ ಸಮುದ್ರದಿಂದ ಬರುವ ಗಾಳಿ ನೀರಾವಿಯನ್ನು ಹೊತ್ತು ತರುತ್ತದೆ. ಪಶ್ಚಿಮ ಘಟ್ಟ ಗೋಡೆಯ ಹಾಗೆ ಅಡ್ಡ ನಿಂತಿದೆ. ಗಾಳಿ ಅದನ್ನು ಹತ್ತಬೇಕು. ಮೇಲೇರಿದಂತೆ ತಣ್ಣಗಾಗಿ, ಹೊತ್ತು ತಂದ ನೀರನ್ನು ಅಲ್ಲೇ ಸುರಿಯುತ್ತದೆ. ಹಾಗಾಗಿ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ.

ಘಟ್ಟ ದಾಟಿ ಇಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ. ಬಿಸಿ ಗಾಳಿಯಲ್ಲಿ ಆವಿ ಸುಲಭವಾಗಿ ಹನಿಗಟ್ಟುವುದಿಲ್ಲ. ಮೋಡ ಓಡುತ್ತದೆ, ಮಳೆ ಬೀಳುವುದಿಲ್ಲ. ಇದಕ್ಕೆ 'ಮಳೆ ನೆರಳಿನ ಪ್ರದೇಶ' ಎನ್ನುತ್ತಾರೆ. ಆಗುಂಬೆಯಿಂದ ಸುಮಾರು 200 ಕಿ.ಮೀ. ದೂರದ ಚಳ್ಳಕೆರೆಯಲ್ಲಿ ವರ್ಷದ ಮಳೆ 500 ಮಿ.ಮೀ. ಆಸುಪಾಸು ಅಷ್ಟೇ.

ನಮ್ಮ ಮಳೆ ಯಾವಾಗ?

ಚಿತ್ರದುರ್ಗ, ತುಮಕೂರು, ಕೋಲಾರದ ಕಡೆ ಜೂನ್-ಜುಲೈಗಿಂತ ಸೆಪ್ಟೆಂಬರ್-ಅಕ್ಟೋಬರಿನಲ್ಲೇ ಹೆಚ್ಚು ಮಳೆ. ಅಕ್ಟೋಬರ್ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಬಂಗಾಳ ಕೊಲ್ಲಿಯ ಕಡೆಯಿಂದ ಬೀಸುತ್ತದೆ. ಆ ಕಡೆಯ ಬೆಟ್ಟಗಳು ಬಿಡಿಬಿಡಿಯಾಗಿವೆ, ಉದ್ದ ಗೋಡೆಯಂತಿಲ್ಲ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಕೈ ಹಿಡಿಯುತ್ತವೆ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ನಾವು ಮಾಡಬಹುದಾದ್ದು

1. ಟಿ.ವಿ. ಸುದ್ದಿ ನೋಡಿ ಬಿತ್ತಬೇಡಿ. ಹೊಲ ಅಗೆದು ನೋಡಿ. ಮೇಲೆ ಒದ್ದೆ, ಕೆಳಗೆ ಒಣ ಇದ್ದರೆ ಕಾಯಿರಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

2. ಒಂದೇ ಬೆಳೆಯನ್ನು ನಂಬಬೇಡಿ. ರಾಗಿ, ಶೇಂಗಾ ಜೊತೆ ತೊಗರಿ, ಅವರೆಯ ಅಕ್ಕಡಿ ಸಾಲು ಇರಲಿ. ಮಳೆ ತಡವಾದರೆ ಹುರುಳಿ ಇದೆ.

3. ಚಾವಣಿ ನೀರು ಹಿಡಿಯಿರಿ. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 20 ಚದರ ಮೀಟರ್ ಚಾವಣಿಯ ಮೇಲೆ 500 ಮಿ.ಮೀ. ಮಳೆಗೆ 10,000 ಲೀಟರ್ ಬೀಳುತ್ತದೆ. ಸ್ವಲ್ಪ ಪೋಲಾದರೂ ಅದು ಎಷ್ಟು ಕೊಡ ಆಯಿತು, ಲೆಕ್ಕ ಹಾಕಿ.

4. ಬೀಜದ ಸಾಲ ಕೊಡುವ ತಿಂಗಳು, ಕಂತು ಕಟ್ಟುವ ತಿಂಗಳು ಎರಡನ್ನೂ ನಿಮ್ಮೂರಿನ ಮಳೆ, ಸುಗ್ಗಿ ನೋಡಿ ಸಂಘದಲ್ಲೇ ತೀರ್ಮಾನಿಸಿ.

ಮುಂದಿನ ಸಭೆಗೆ ಊರಿನ ಹಿರಿಯಮ್ಮ ಒಬ್ಬರನ್ನು ಕರೆಯಿರಿ. ನಮ್ಮೂರಿಗೆ ಯಾವ ಮಳೆ ತಪ್ಪದೆ ಬರುತ್ತದೆ, ಯಾವುದು ಕೈ ಕೊಡುತ್ತದೆ ಎಂದು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಬೀಜದ ಸಾಲದ ಅರ್ಜಿ ಬಂದಾಗ ಆ ಪುಟ ತೆಗೆದು ನೋಡಿ.