‘ಕರ್ವಾಲೋ’ ಕಾದಂಬರಿಯ ಹಾರುವ ಓತಿ

ವಿಜ್ಞಾನವನ್ನು ಸಾಹಸಕಥೆಯ ರೂಪದಲ್ಲಿ ನಿರೂಪಿಸಿದ ಕನ್ನಡ ಕಾದಂಬರಿಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ (1980) ಗಣ್ಯವಾದುದು. ಗ್ರಂಥಕರ್ತರು (1938–2007) ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯ ಮನೆತನದವರು. ಕಥೆಯು ನಡೆಯುವುದು ಮೂಡಿಗೆರೆಯ ಸುತ್ತಣ ಮಲೆನಾಡಿನಲ್ಲಿ. ಈ ಗ್ರಂಥವು ಬಾಲಕರಿಗೆಂದೇ ರಚಿತವಾದುದಲ್ಲ; ಆದರೂ ಎಳೆಯರು ಇದನ್ನು ಆಸಕ್ತಿಯಿಂದ ಓದುವರು. ಆದುದರಿಂದ ಇದರಲ್ಲಿನ ವಿಜ್ಞಾನವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ಕರ್ವಾಲೋ ಎಂಬ ವಿಜ್ಞಾನಿಯು ಮಂದಣ್ಣನೆಂಬ ಹಳ್ಳಿಗನನ್ನು ನೆಚ್ಚಿ, ಹಾರುವ ಓತಿಯನ್ನು ಅರಸುತ್ತ ಪರಿವಾರಸಮೇತನಾಗಿ ಕಾಡಿಗೆ ಹೊರಡುವನು. ಕಡೆಗೆ ಆ ಪ್ರಾಣಿಯು ಕಾಣಿಸಿಕೊಂಡು ಕೈಗೆ ಸಿಕ್ಕದೆ ಜಾರಿಹೋಗುವುದು. ಪದವಿಯಿಲ್ಲದವನ ಕಣ್ಣೂ ಶಾಸ್ತ್ರಕ್ಕೆ ಸಾಧನವಾಗಬಲ್ಲುದೆಂಬುದನ್ನು ಕಥೆಯು ಉಪದೇಶದ ಸೋಂಕಿಲ್ಲದೆ ತೋರಿಸಿಕೊಡುತ್ತದೆ. ಇದು ಇದರ ಮುಖ್ಯವಾದ ಗುಣ.

ದೋಷವಿರುವುದು ಓತಿಯ ಸ್ಥಾನನಿರ್ದೇಶದಲ್ಲಿ. ಕಾದಂಬರಿಯಲ್ಲಿ ಅದು ಯುಗಾಂತರಗಳ ಪ್ರಾಚೀನತೆಗೆ ಉಳಿದ ಅತಿವಿರಳವಾದ ಸಾಕ್ಷಿಯೆಂಬಂತೆ ಚಿತ್ರಿತವಾಗಿದೆ. ವಾಸ್ತವವು ಬೇರೆ. ಪಶ್ಚಿಮಘಟ್ಟದ ಹಾರುವ ಓತಿಯನ್ನು ಡ್ಯುಮೆರಿಲ್ ಮತ್ತು ಬಿಬ್ರಾನ್ ಎಂಬ ಫ್ರೆಂಚ್ ಪಂಡಿತರು 1837ರಷ್ಟು ಹಿಂದೆಯೇ ವರ್ಣಿಸಿ, ಡ್ರೇಕೊ ಡುಸುಮಿಯೆರಿ ಎಂದು ಹೆಸರಿಸಿದರು. ಈ ಕುಲದಲ್ಲಿ ಸುಮಾರು 40 ಜಾತಿಗಳಿವೆ. ಬಹುಪಾಲು ಆಗ್ನೇಯ ಏಷ್ಯದವು. ಬೇಲಿಯ ಮೇಲಿನ ಓತಿಕ್ಯಾತವೂ ಇದೂ ಒಂದೇ ವಂಶಕ್ಕೆ ಸೇರಿದವು. ನೀಳವಾದ ಪಕ್ಕೆಲುಬುಗಳು ಆಧಾರವಾಗಿರುವ ಚರ್ಮದ ಪೊರೆಯನ್ನು ಬಿಚ್ಚಿ, ಇದು ಮರದಿಂದ ಮರಕ್ಕೆ ತೇಲುವುದೇ ಹೊರತು ಹಕ್ಕಿಯಂತೆ ಹಾರುವುದಿಲ್ಲ. 20 ಕೋಟಿ ವರ್ಷಗಳಿಗೂ ಹಿಂದಿನ ಟ್ರಯಾಸಿಕ್ ಯುಗದ ಕ್ಯೂನಿಯೊಸಾರಸ್ ಎಂಬ ಸರೀಸೃಪಕ್ಕೂ ಇಂತಹ ಪಕ್ಕೆಲುಬುಗಳಿದ್ದುವು. ಆದರೆ ಅದು ಇದರ ಪೂರ್ವಜವಲ್ಲ. ಒಂದೇ ಉಪಾಯವು ಬೇರೆ ಬೇರೆ ವಂಶಗಳಲ್ಲಿ ಸ್ವತಂತ್ರವಾಗಿ ಮೂಡಬಹುದು. ಆಕಾರಸಾಮ್ಯವು ವಂಶಸಾಮ್ಯಕ್ಕೆ ಪ್ರಮಾಣವಲ್ಲ.

ಇದಕ್ಕಿಂತಲೂ ಗಮನಾರ್ಹವಾದ ಸಂಗತಿಯೊಂದುಂಟು. ಈ ಪ್ರಾಣಿಯು ದುರ್ಗಮವಾದ ಅಡವಿಯಲ್ಲಿ ಮಾತ್ರವೇ ಅಲ್ಲದೆ ಮಲೆನಾಡಿನ ಅಡಕೆಯ ತೋಟಗಳಲ್ಲಿಯೂ ವಾಸಿಸುತ್ತದೆ. ಕಾಂಡದ ಬಣ್ಣದೊಡನೆ ಬೆರೆತು, ಇರುವೆಗಳನ್ನು ತಿಂದು ಜೀವಿಸುತ್ತದೆ. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿಯುತ್ತದೆ. ಶಿವಮೊಗ್ಗ ನಗರದ ಮಂಡಿಗಳಿಗೆ ಅಡಕೆಯನ್ನು ಒದಗಿಸುವ ಘಟ್ಟದ ತೋಟಗಳೇ ಇದಕ್ಕೆ ತಕ್ಕ ನೆಲೆ. ಓತಿಯು ಅಲಭ್ಯವೆಂದು ನಂಬಿದ ಬಾಲಕನು ತನ್ನ ಅಜ್ಜನ ತೋಟದಲ್ಲಿ ತಲೆಯೆತ್ತಿ ನೋಡುವುದೇ ಇಲ್ಲ. ತೋಟಕ್ಕೆ ವಿಷದ್ರವ್ಯವನ್ನು ಸಿಂಪಡಿಸಿ ಇರುವೆಗಳನ್ನು ಕೊಂದಾಗ ನಷ್ಟವಾಗುವುದೇನೆಂದು ಅವನಿಗೆ ತಿಳಿಯುವುದೂ ಇಲ್ಲ. ಕಥೆಯ ದೋಷವು ಹೀಗೆ ಲೋಕದ ದೋಷವಾಗಿ ಪರಿಣಮಿಸುವ ಸಂಭವವಿದೆ.

ಹಾಗೆಂದು ಗ್ರಂಥವನ್ನು ತ್ಯಜಿಸತಕ್ಕದ್ದಲ್ಲ. ಕಥೆಗಾರನಿಗೆ ವಿಸ್ಮಯವು ಬೇಕು; ಉಪಾಧ್ಯಾಯನಿಗೆ ತಥ್ಯವು ಬೇಕು. ಶಿವಮೊಗ್ಗದ ಶಾಲೆಗಳಲ್ಲಿಯೂ, ತೇಜಸ್ವಿಯವರ ತಂದೆಯ ಹೆಸರಿನ ವಿಶ್ವವಿದ್ಯಾನಿಲಯವು 1987ರಲ್ಲಿ ಸ್ಥಾಪಿತವಾದ ಭದ್ರಾವತಿ ತಾಲ್ಲೂಕಿನಲ್ಲಿಯೂ ಈ ಕಾದಂಬರಿಯನ್ನು ಪಾಠಮಾಡುವವರು, ಒಮ್ಮೆ ವಿದ್ಯಾರ್ಥಿಗಳನ್ನು ಮಲೆನಾಡಿನ ತೋಟಕ್ಕೆ ಕರೆದೊಯ್ದರೆ ಎರಡೂ ಲಭಿಸುವುವು. ಮಂದಣ್ಣನು ಕಲಿಸುವ ಪಾಠವೂ ಇದೇ: ಮೊದಲು ಕಣ್ಣಿಟ್ಟು ನೋಡಬೇಕು, ಆಮೇಲೆ ಹೆಸರಿಡಬೇಕು.