ತಿರಸ್ಕಾರ ಪತ್ರದ ಕೊನೆಯ ಪುಟ

ಬ್ರಿಟನ್ನಿಗೆ ಓದಲು ಹೋದ ವಿದ್ಯಾರ್ಥಿಗಳ ಪಾಲಿಗೆ 2014ರಲ್ಲಿ ಏನಾಯಿತೆಂಬುದನ್ನು, ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ಪ್ರತಿಯೊಂದು ಮನೆಯೂ ತಿಳಿದಿರುವುದು ಒಳ್ಳೆಯದು. ಆ ವರ್ಷದ ಫೆಬ್ರವರಿಯಲ್ಲಿ ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮವು ಲಂಡನ್ನಿನಲ್ಲಿ ನಡೆಯುತ್ತಿದ್ದ ಪರೀಕ್ಷಾ ಮೋಸವನ್ನು ಗುಪ್ತ ಕ್ಯಾಮೆರಾದಲ್ಲಿ ಚಿತ್ರಿಸಿ ತೋರಿಸಿತು. ವೀಸಾಕ್ಕೆ ಬೇಕಾದ ‘ಟೋಯಿಕ್’ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಅಭ್ಯರ್ಥಿಗಳ ಬದಲಿಗೆ ಬೇರೆಯವರು ಕುಳಿತು ಉತ್ತರಿಸುತ್ತಿದ್ದರು. ಮೋಸ ನಡೆದದ್ದು ನಿಜ; ಅದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಪರೀಕ್ಷೆ ನಡೆಸುತ್ತಿದ್ದ ಸಂಸ್ಥೆಯು ಧ್ವನಿ ಗುರುತಿಸುವ ಯಂತ್ರದ ನೆರವಿನಿಂದ 58,000ಕ್ಕೂ ಮಿಕ್ಕಿದ ಪರೀಕ್ಷೆಗಳನ್ನು ಮರಳಿ ಪರಿಶೀಲಿಸಿ, ಅವುಗಳಲ್ಲಿ ಶೇ. 97ರಷ್ಟನ್ನು ಸಂಶಯಾಸ್ಪದವೆಂದು ಹೇಳಿತು. ಸುಮಾರು 33,000 ‘ಅಸಿಂಧು’, 22,000ಕ್ಕೂ ಹೆಚ್ಚು ‘ಪ್ರಶ್ನಾರ್ಹ’. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಗೃಹ ಇಲಾಖೆಯು ವೀಸಾಗಳನ್ನು ರದ್ದುಮಾಡುತ್ತ ಹೋಯಿತು. ನೂರಕ್ಕೆ ತೊಂಬತ್ತೇಳು ಮಂದಿ ಮೋಸಗಾರರೆಂದು ಯಂತ್ರವೊಂದು ಹೇಳಿದಾಗ, ಯಂತ್ರವನ್ನೇ ಒಮ್ಮೆ ಪ್ರಶ್ನಿಸಬೇಕೆಂದು ಯಾರಿಗಾದರೂ ತೋಚಬೇಕಿತ್ತು.

ಮೇಲ್ಮನವಿಗೆ ಅವಕಾಶವೇ ಇರಲಿಲ್ಲವೆಂದಲ್ಲ. ಆದರೆ ಅವರಲ್ಲಿ ಅನೇಕರಿಗೆ ದೊರೆತ ಆದೇಶದಂತೆ ಮೊದಲು ದೇಶ ಬಿಡಬೇಕಿತ್ತು. ಮನವಿ ಆಮೇಲೆ, ತಾಯ್ನಾಡಿನಿಂದ. ಪರೀಕ್ಷೆಯಲ್ಲಿ ಮಾತನಾಡಿದ್ದು ತಾನೇ ಎಂದು ಸಾಧಿಸಬೇಕಾದ ವಿದ್ಯಾರ್ಥಿಯು ನ್ಯಾಯಾಧೀಶರ ಮುಂದೆ ನಿಂತು ಮಾತನಾಡುವುದೇ ಅವನಲ್ಲಿರುವ ಮುಖ್ಯ ಸಾಕ್ಷ್ಯ. ಸಾವಿರಾರು ಮೈಲಿ ದೂರದಿಂದ ಅದನ್ನು ಒದಗಿಸುವುದು ಹೇಗೆ? 2017ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ‘ಅಹ್ಸಾನ್’ ಪ್ರಕರಣದಲ್ಲಿ ಈ ಮಾತನ್ನು ಒಪ್ಪಿತು: ವಂಚನೆಯ ಆರೋಪ ಹೊತ್ತವರಿಗೆ ಹೊರದೇಶದಿಂದ ಸಲ್ಲಿಸುವ ಮನವಿ ಸಾಕಾದ ಪರಿಹಾರವಲ್ಲ. ಅದೇ ವರ್ಷದ ಜೂನಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಕಿಯಾರಿ ಮತ್ತು ಬಿಂಡ್‌ಲಾಸ್ ಎಂಬಿಬ್ಬರ ಗಡೀಪಾರು ಪ್ರಕರಣದಲ್ಲಿ ‘ಮೊದಲು ಹೊರಡು, ಆಮೇಲೆ ಮನವಿ ಸಲ್ಲಿಸು’ ಎಂಬ ಕ್ರಮವನ್ನು ಅನ್ಯಾಯವೆಂದು ತಳ್ಳಿಹಾಕಿತ್ತು. 2019ರಲ್ಲಿ ಆ ದೇಶದ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯು, ನಿರಪರಾಧಿಗಳೂ ಆರೋಪಕ್ಕೆ ಗುರಿಯಾಗಿರಬಹುದೆಂದು ವರದಿ ಮಾಡಿತು. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು: 2022ರಲ್ಲಿ ಇಬ್ಬರು ಭಾರತೀಯರ ಪ್ರಕರಣದಲ್ಲಿ ವಲಸೆ ವ್ಯಾಜ್ಯಗಳ ಮೇಲಿನ ನ್ಯಾಯಮಂಡಳಿಯು ಗೃಹ ಇಲಾಖೆಯ ಸಾಕ್ಷ್ಯವೇ ಸಾಮಾನ್ಯವಾಗಿ ಬಲವಾದುದೆಂದು ತೀರ್ಪಿತ್ತಿತು. ಎಲ್ಲರೂ ನಿರಪರಾಧಿಗಳಾಗಿರಲಿಲ್ಲ, ಎಲ್ಲರೂ ಅಪರಾಧಿಗಳೂ ಆಗಿರಲಿಲ್ಲ. ಯಾರು ಯಾರೆಂದು ಬೇರ್ಪಡಿಸಲು ಒಬ್ಬ ನ್ಯಾಯಾಧೀಶ ಬೇಕಿತ್ತು, ಅಷ್ಟೇ.

ವಿಚಿತ್ರವೆಂದರೆ, ಈ ಗದ್ದಲ ನಡೆಯುತ್ತಿದ್ದ 2014ರಲ್ಲಿಯೇ ಬ್ರಿಟನ್ ಹೊಸ ವಲಸೆ ಕಾಯಿದೆಯನ್ನು ತಂದು ಮೇಲ್ಮನವಿಯ ಹಕ್ಕನ್ನು ಬಹಳಷ್ಟು ಕುಗ್ಗಿಸಿತು. ಇಂದು ಅಲ್ಲಿನ ನ್ಯಾಯಮಂಡಳಿಯ ಬಾಗಿಲು ತೆರೆಯುವುದು ಮುಖ್ಯವಾಗಿ ಆಶ್ರಯ ಕೋರಿದವರಿಗೆ ಮತ್ತು ಮಾನವಹಕ್ಕಿನ ಆಧಾರದಲ್ಲಿ, ಎಂದರೆ ಕುಟುಂಬದ ಹಾಗೂ ಖಾಸಗಿ ಬದುಕಿನ ಆಧಾರದಲ್ಲಿ, ಅರ್ಜಿ ಸಲ್ಲಿಸಿದವರಿಗೆ. ಪತಿಯನ್ನೋ ಪತ್ನಿಯನ್ನೋ ಸೇರಿಕೊಳ್ಳಲು ಕೋರಿದ ವೀಸಾ ತಿರಸ್ಕೃತವಾದರೆ ಈ ಹಕ್ಕು ಸಾಮಾನ್ಯವಾಗಿ ಇದೆ. ವಿದ್ಯಾರ್ಥಿಗಳಿಗೂ ಉದ್ಯೋಗಕ್ಕೆ ಹೋಗುವವರಿಗೂ ಇರುವುದು ‘ಆಡಳಿತಾತ್ಮಕ ಮರುಪರಿಶೀಲನೆ’ ಮಾತ್ರ. ಸಂದರ್ಶಕ ವೀಸಾದವರಿಗೆ ಸಾಮಾನ್ಯವಾಗಿ ಎರಡೂ ಇಲ್ಲ. ಮಗಳ ಬಾಣಂತನಕ್ಕೆಂದು ಹೊರಟ ತಾಯಿಯ ಅರ್ಜಿ ತಿರಸ್ಕೃತವಾದರೆ ಹೊಸ ಅರ್ಜಿ ಹಾಕಬೇಕು, ಇಲ್ಲವೇ ದುಬಾರಿಯಾದ ನ್ಯಾಯಾಂಗ ಪರಾಮರ್ಶೆಗೆ ಹೋಗಬೇಕು.

ಮರುಪರಿಶೀಲನೆಗೂ ಮೇಲ್ಮನವಿಗೂ ಇರುವ ಅಂತರ ಹೆಸರಿನದಷ್ಟೇ ಅಲ್ಲ. ಮರುಪರಿಶೀಲನೆಯಲ್ಲಿ ಅದೇ ಇಲಾಖೆಯ ಇನ್ನೊಬ್ಬ ಅಧಿಕಾರಿ ಮೊದಲಿನವರು ತಪ್ಪಿದರೋ ಎಂದು ನೋಡುತ್ತಾರೆ. ಹೊಸ ದಾಖಲೆಗಳಿಗೆ ಅಲ್ಲಿ ಸಾಮಾನ್ಯವಾಗಿ ಬೆಲೆಯಿಲ್ಲ. ಮೊದಲ ಅರ್ಜಿಯೊಡನೆ ಕಳುಹಿಸಿದ್ದೇ ಆಧಾರ. ವಿದ್ಯಾರ್ಥಿಯ ಖರ್ಚಿನ ಹಣ ಬ್ಯಾಂಕಿನಲ್ಲಿ ಸತತ 28 ದಿನ ಇರಬೇಕೆಂಬುದು ನಿಯಮ. ಆ ಹಣವಿದ್ದು, ಪತ್ರವನ್ನೂ ಕಳುಹಿಸಿದ್ದು, ಅಧಿಕಾರಿಯ ಕಣ್ಣು ತಪ್ಪಿದ್ದರೆ ಮರುಪರಿಶೀಲನೆ ಸರಿಯಾದ ದಾರಿ. ಹಣವಿದ್ದದ್ದು 27 ದಿನವೇ ಆಗಿದ್ದರೆ 80 ಪೌಂಡು ಶುಲ್ಕ ತೆತ್ತು ವಾದಿಸುವುದಕ್ಕಿಂತ ಹೊಸ ಅರ್ಜಿಯೇ ಮೇಲು. ನ್ಯಾಯಮಂಡಳಿಯ ರೀತಿ ಬೇರೆ. ಕುಟುಂಬದ ಸ್ಥಿತಿ ವಿಚಾರಣೆಯ ದಿನ ಹೇಗಿದೆಯೆಂಬುದನ್ನೂ ಅಲ್ಲಿ ಪರಿಗಣಿಸುತ್ತಾರೆ. ನಡುವೆ ಹುಟ್ಟಿದ ಮಗು, ಬದಲಾದ ಸಂಬಳ, ಹದಗೆಟ್ಟ ಆರೋಗ್ಯ, ಎಲ್ಲವನ್ನೂ ಮುಂದಿಡಬಹುದು.

ಇವುಗಳಲ್ಲಿ ಯಾವ ಬಾಗಿಲು ನಮಗೆ ತೆರೆದಿದೆಯೆಂಬುದು ತಿರಸ್ಕಾರ ಪತ್ರದಲ್ಲಿಯೇ, ಸಾಮಾನ್ಯವಾಗಿ ಕಾರಣಗಳೆಲ್ಲ ಮುಗಿದ ಬಳಿಕ, ಬರೆದಿರುತ್ತದೆ. ದುಃಖದಲ್ಲಿಯೋ ಕೋಪದಲ್ಲಿಯೋ ಮೊದಲ ಪುಟವನ್ನಷ್ಟೇ ಓದಿ ಕಾಗದವನ್ನು ಏಜೆಂಟರ ಕೈಗಿಡುವ ಮನೆಗಳೇ ಹೆಚ್ಚು. ದಿನಗಳಾದರೋ ಉರುಳುತ್ತಿರುತ್ತವೆ. ಬ್ರಿಟನ್ನಿನ ಹೊರಗಿರುವವರಿಗೆ ಮನವಿಗೂ ಮರುಪರಿಶೀಲನೆಗೂ 28 ದಿನ. ಒಳಗಿರುವವರಿಗೆ 14 ದಿನ. ಬಂಧನದಲ್ಲಿದ್ದು ಮರುಪರಿಶೀಲನೆ ಕೋರುವವರಿಗೆ ಏಳೇ ದಿನ. ಪತ್ರ ಬಂದ ಲಕೋಟೆಯನ್ನಾಗಲಿ, ಮಿಂಚಂಚೆಯ ದಿನಾಂಕವನ್ನಾಗಲಿ ಜೋಪಾನವಾಗಿಡಬೇಕೆನ್ನುವುದು ಇದಕ್ಕಾಗಿಯೇ.

ಪತ್ರದಲ್ಲಿ ‘ವಂಚನೆ’ ಎಂಬ ಶಬ್ದವಿದ್ದರೆ ವಿಷಯ ಇನ್ನೂ ಗಂಭೀರ. ಅರ್ಜಿಯಲ್ಲಿ ವಂಚಿಸಿದವರೆಂದು ನಿರ್ಧಾರವಾದರೆ ಹತ್ತು ವರ್ಷ ಪ್ರವೇಶ ನಿಷಿದ್ಧ. ಅದನ್ನು ಪ್ರಶ್ನಿಸದೆ ಸುಮ್ಮನೆ ಇನ್ನೊಂದು ಅರ್ಜಿ ಹಾಕುವುದು ಆರೋಪವನ್ನು ಹೊತ್ತುಕೊಂಡೇ ನಡೆದಂತೆ. ನಕಲಿ ಅಂಕಪಟ್ಟಿಯನ್ನೋ ಬ್ಯಾಂಕ್ ಪತ್ರವನ್ನೋ ಮಧ್ಯವರ್ತಿ ಸೇರಿಸಿದ್ದರೂ ಅರ್ಜಿ ನಿಂತಿರುವುದು ಮಗುವಿನ ಹೆಸರಿನಲ್ಲಿ. ಆದುದರಿಂದ ಸಲ್ಲಿಸಿದ ಅರ್ಜಿಯ ಪೂರ್ಣ ಪ್ರತಿ ಮನೆಯಲ್ಲಿರಲೇಬೇಕು. ಇಲ್ಲವಾದರೆ, ತನ್ನ ಕುರಿತು ಇಲಾಖೆಯಲ್ಲಿರುವ ಕಡತದ ಪ್ರತಿಯನ್ನು ಅರ್ಜಿದಾರರು ಗೃಹ ಇಲಾಖೆಯಿಂದಲೇ ಶುಲ್ಕವಿಲ್ಲದೆ ಕೇಳಿ ಪಡೆಯಬಹುದು. ಉತ್ತರಕ್ಕೆ ಒಂದು ತಿಂಗಳು ಹಿಡಿಯಬಹುದಾದುದರಿಂದ ಮನವಿಯ ಗಡುವು ಅದಕ್ಕಾಗಿ ಕಾಯುವುದಿಲ್ಲವೆಂಬುದು ನೆನಪಿರಲಿ.

ಗಡಿನಾಡಿನ ನಮಗೆ ಮತ್ತೊಂದು ತೊಡಕಿದೆ. ಶಾಲೆಯ ಪ್ರಮಾಣಪತ್ರ ಕನ್ನಡದಲ್ಲಿ, ಪಂಚಾಯತಿನ ಜನನ ಪತ್ರ ಮಲೆಯಾಳದಲ್ಲಿಯೋ ಮರಾಠಿಯಲ್ಲಿಯೋ, ಪಾಸ್‌ಪೋರ್ಟು ಇಂಗ್ಲಿಷಿನಲ್ಲಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು, ಮತ್ತೊಂದರಲ್ಲಿ ಮನೆತನದ ಹೆಸರು. ಇವೆಲ್ಲ ಒಬ್ಬರದೇ ಎಂಬುದು ನಮಗೆ ಸ್ಪಷ್ಟ. ದೂರದ ಅಧಿಕಾರಿಗೆ ಸ್ಪಷ್ಟವಲ್ಲ. ಇಂಗ್ಲಿಷ್ ಅಥವಾ ವೆಲ್ಷ್ ಭಾಷೆಯಲ್ಲಿಲ್ಲದ ದಾಖಲೆಗೆಲ್ಲ ಅನುವಾದ ಬೇಕು. (ಅಲ್ಲಿನ ಅಲ್ಪಸಂಖ್ಯಾತರ ನುಡಿಯೊಂದು ಇಂಗ್ಲಿಷಿನ ಸಮಕ್ಕೆ ಕುಳಿತಿರುವುದನ್ನು ಕಂಡು ನಮ್ಮಂಥವರಿಗೆ ಸಂತೋಷವೂ ಆಗುತ್ತದೆ, ತುಸು ಅಸೂಯೆಯೂ.) ಅನುವಾದವು ನಿಖರವಾಗಿದೆಯೆಂಬ ದೃಢೀಕರಣ, ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ, ಸಂಪರ್ಕದ ವಿವರ ಇವೆಲ್ಲವೂ ಅದರಲ್ಲಿರಬೇಕು.

ನ್ಯಾಯಮಂಡಳಿಯ ವಿಚಾರಣೆಗೆ ಹೋದವರು ಮಾತ್ರ ಭಾಷೆಗಾಗಿ ಅಂಜಬೇಕಿಲ್ಲ. ಕಾಗದಪತ್ರಗಳ ಮೇಲಷ್ಟೇ ನಿರ್ಣಯವಾಗುವ ಮನವಿಗೆ 80 ಪೌಂಡು, ಮೌಖಿಕ ವಿಚಾರಣೆಗೆ 140 ಪೌಂಡು. ಎರಡನೆಯದನ್ನು ಆರಿಸಿಕೊಂಡಾಗ ಅಲ್ಲಿರುವ ಪತಿಯೋ ಪತ್ನಿಯೋ ಸಾಕ್ಷಿ ನುಡಿಯಬಹುದು. ದುಭಾಷಿ ಬೇಕೆಂದು, ಯಾವ ಭಾಷೆಯಲ್ಲೆಂದು ಮೊದಲೇ ತಿಳಿಸಿದರೆ ನ್ಯಾಯಮಂಡಳಿಯೇ ತನ್ನ ಖರ್ಚಿನಲ್ಲಿ ಒದಗಿಸುತ್ತದೆ. ಆ ಸ್ಥಳದಲ್ಲಿ ‘ಕನ್ನಡ’ ಎಂದು ಬರೆಯಬಹುದು.